ಹನ್ನೊಂದು ವರ್ಷದ ನೆಂಟರು

ಮನೆಯೊಡತಿ ಅಕ್ಕನವರಿಗೆ ಹಿಂದಿನ ಕೋಣೆಯ ಹೊಲಿಗೆಯವಳ ನಮಸ್ಕಾರ.

ಎದುರಿಗೆ ನಿಂತರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ನಾನು ಓದಿದ್ದು ನಾಲ್ಕನೆಯ ತರಗತಿ, ಅದೂ ಅರ್ಧ.

ಹೋದ ತಿಂಗಳು ಮತದಾರರ ಪಟ್ಟಿಯವರು ಬಾಗಿಲಿಗೆ ಬಂದಿದ್ದರು. ಯಾರು ಕೇಳಿದರೂ ನೆಂಟರು ಅನ್ನು ಎಂದು ಕೋಣೆ ಕೊಟ್ಟ ದಿನವೇ ನೀವು ಹೇಳಿದ್ದಿರಲ್ಲ, ಗಾಬರಿಯಲ್ಲಿ ಅದನ್ನೇ ಹೇಳಿಬಿಟ್ಟೆ. "ನಾವು ನೆಂಟರು ಸಾರ್, ನಾಳೆ ಹೋಗ್ತೀವಿ." ಅವರು ಬರೆದುಕೊಂಡು ಹೋದರು.

ಮಗಳಿಗೆ ಈಗ ಹದಿನೆಂಟು ತುಂಬಿದೆ. ಗಾರ್ಮೆಂಟ್ಸಿನಲ್ಲಿ ತನ್ನ ಜೊತೆ ಗುಂಡಿ ಹೊಲಿಯುವ ಹುಡುಗಿಯರನ್ನೆಲ್ಲ ಕಾಡಿ ಬೇಡಿ, "ಓಟೇ ಇಲ್ಲದೋರ ಮಾತು ಯಾರು ಕೇಳ್ತಾರ್ರೇ?" ಎಂದು ತಾನೇ ಕೂತು ಅರ್ಜಿ ತುಂಬಿಸಿದಳು. ಎಲ್ಲರ ಹೆಸರೂ ಪಟ್ಟಿಗೆ ಬಂತು. ಇವಳ ಅರ್ಜಿ ಮಾತ್ರ 'ಇಲ್ಲಿ ವಾಸವಿಲ್ಲ' ಎಂದು ವಾಪಸ್ಸಾಯಿತು. "ಹಾಗೆ ಹೇಳಿದೋರು ಯಾರಮ್ಮ? ಅವರ ನಾಲಿಗೆ ಬಿದ್ದೋಗ!" ಎಂದು ಅತ್ತಳು. ನಾನು ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂತೆ.

ಕಚೇರಿಗೆ ಹೋಗಿ ಇದ್ದದ್ದನ್ನು ಹೇಳಿದರೆ ಗುಮಾಸ್ತರು ನಕ್ಕರು. "ಹನ್ನೊಂದು ವರ್ಷ ಉಳಿಯೋ ನೆಂಟರೂ ಇರ್ತಾರೇನಮ್ಮ?" ಮನೆ ಮಾಲೀಕರಿಂದ ಒಂದು ಸಾಲು ಬರೆಸಿಕೊಂಡು ಬಾ ಎಂದರು. ಶನಿವಾರ ಕೊನೆಯ ದಿನ.

ಅಕ್ಕ, ಇವರು ಇಲ್ಲಿ ವಾಸವಿದ್ದಾರೆ ಎಂದಷ್ಟೇ ಬರೆದು ರುಜು ಹಾಕಿಕೊಡಿ. ಬಾಡಿಗೆ ಎಂಬ ಮಾತೇ ಬೇಡ, ಕಂದಾಯದವರಿಗೆ ಏನೂ ತಿಳಿಯುವುದಿಲ್ಲ. ಇಷ್ಟಕ್ಕೆ ಕೋಣೆ ಬಿಡು ಎನ್ನಬೇಡಿ, ಕೈ ಮುಗಿಯುತ್ತೇನೆ. ಪಟ್ಟಿಯವರಿಗೆ ಹಾಗೆ ಹೇಳಿದವಳು ನಾನೇ ಎಂದು ಮಗಳಿಗೆ ಇವತ್ತು ಹೇಳುತ್ತೇನೆ. ಹೇಳಿಕೊಟ್ಟವರು ಯಾರೆಂದು ಹೇಳುವುದಿಲ್ಲ.

ಇಂತಿ,
ನಿಮ್ಮ ಹಿಂದಿನ ಕೋಣೆಯಲ್ಲಿ ವಾಸವಿರುವ
ಹೊಲಿಗೆಯವಳು