ಮೊದಲು ತಾರಸಿ, ಬಣ್ಣ ಆಮೇಲೆ

ಪಶ್ಚಿಮ ಮಾಂಬಲಂ, ಚೆನ್ನೈ
ಸೋಮವಾರ, ೨೫ ಆಗಸ್ಟ್ ೨೦೨೫

ಪ್ರೀತಿಯ ವೀಕ್ಷಾ,

ನೀನು, ಗುಣವತಿ ಆಂಟಿ, ಸದಾನಂದ ಅಂಕಲ್ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೆಸೇಜ್ ಬಂದು ಎರಡು ತಿಂಗಳ ಮೇಲಾಯಿತು. ‘ಬ್ರಹ್ಮಾವರದಲ್ಲಿ ಹಳೇ ಮನೆ ತಗೊಂಡಿದ್ದೇವೆ, ಎದುರಿನ ಎರಡು ಕೋಣೆ ರಿಪೇರಿ ಮಾಡಿಸಿ ಬಾಡಿಗೆಗೆ ಕೊಡ್ಬೇಕು. ನೀನೂ ಅದೇ ಕೆಲಸ ಮಾಡಿಸ್ತಿದ್ದೀಯಂತೆ. ಎಂತ ಮಾಡ್ಬೇಕು, ಎಂತ ಮಾಡ್ಬಾರ್ದು, ಬರಿ ಮಾರಾಯ್ತಿ’ ಎಂದಿದ್ದೆ. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ಕ್ಷಮಿಸು. ಆಗ ಮನೆ ತುಂಬ ಸಿಮೆಂಟಿನ ಧೂಳು, ತಲೆ ತುಂಬ ಪೈಪು. ಅಲ್ಲದೆ ನಾನು ಹೇಳಬೇಕಾದದ್ದು ಮೆಸೇಜಿನಲ್ಲಿ ಹಿಡಿಸುವಂಥದ್ದಲ್ಲ.

ಮೊದಲು ಒಳ್ಳೆಯ ಸುದ್ದಿ. ನೀವಿದ್ದ ಮಹಡಿಗೆ ಕಳೆದ ಬುಧವಾರ ಜನ ಬಂದರು. ಮೇಲೆ ಮತ್ತೆ ಕುಕ್ಕರ್ ಕೂಗುತ್ತಿದೆ. ನಮ್ಮ ಮನೆ ಉಳಿಯಿತು.

ಉಳಿಯಿತು ಎಂದರೆ ನಿಜವಾಗಿಯೂ ಉಳಿಯಿತು. ನೀವು ಹೋದ ಮೇಲೆ ಒಂದೂವರೆ ವರ್ಷ ಮಹಡಿಗೆ ಬೀಗ ಬಿದ್ದಿತ್ತು. ನಿಮ್ಮಪ್ಪ, ನಮ್ಮಪ್ಪ ಕೊನೆಯ ದಿನ ಒಬ್ಬರ ಮುಖ ಒಬ್ಬರು ನೋಡದೆ ಬೀಗದ ಕೈ ಕೊಟ್ಟು ತೆಗೆದುಕೊಂಡದ್ದು ನಿನಗೂ ನೆನಪಿದೆ. ಆಮೇಲೆ ಅಪ್ಪ ಮೇಲೆ ಹತ್ತಲೇ ಇಲ್ಲ. ಈ ಜನವರಿಯಲ್ಲಿ ಒಂದು ದಿನ ಮಣಲಿಯ ಕಾರ್ಖಾನೆ ಕೆಲಸದಿಂದ ಬಂದವರೇ, “ಈ ಮನೆ ಮಾರ್ಬುಡಾಣ. ರಿಟೈರ್ ಆಗೋ ಹೊತ್ಗೆ ಒಂದು ಫ್ಲಾಟ್ ತಗಂಡ್ರೆ ಆಯ್ತು” ಎಂದರು.

ಊರಿನಿಂದ ಬಂದು ನಮ್ಮ ಜೊತೆಗಿರುವ ಪುಟ್ಟತಾಯಮ್ಮಜ್ಜಿಯ ವಿಷಯ ನಿನಗೆ ಹೇಳಿದ್ದೆನಲ್ಲ. ಅವಳು ಅಡುಗೆಮನೆಯಿಂದಲೇ, “ಫ್ಲಾಟಲ್ಲಿ ಬಟ್ಟೆ ಎಲ್ಲಿ ಒಣಗಾಕ್ಲಿ ಶಿವರಾಮು, ನಿನ್ ತಲೆ ಮ್ಯಾಲಾ?” ಎಂದಳು.

ಆಗ ನಾನು, “ಮೇಲಿನ ಮನೆ ನಾನು ರಿಪೇರಿ ಮಾಡಿಸ್ತೀನಿ. ಬಾಡಿಗೆಯವರನ್ನೂ ನಾನೇ ಹುಡುಕ್ತೀನಿ” ಎಂದೆ. ಇಬ್ಬರೂ ನನ್ನನ್ನು ಟಿ.ವಿ. ತಾನಾಗಿಯೇ ಆನ್ ಆಯಿತೇನೋ ಎಂಬಂತೆ ನೋಡಿದರು.

“ನೀನಾ? ಗ್ಯಾಸ್‌ನೋನು ಬೆಲ್ ಹೊಡುದ್ರೆ ರೂಮ್ ಸೇರ್ಕತೀಯ” ಎಂದರು ಅಪ್ಪ. ಆಮೇಲೆ ಚಪ್ಪಲಿ ಬಿಡುತ್ತ, “ಸರಿ. ಆಗಸ್ಟ್ ಮುಗಿಯೋದ್ರೊಳಗೆ ಮೇಲೆ ಜನ ಇರ್ಬೇಕು. ಇಲ್ದಿದ್ರೆ ಸೆಪ್ಟೆಂಬರಲ್ಲಿ ಬ್ರೋಕರ್ ಬರ್ತಾನೆ, ಯಾರೂ ಮಾತಾಡಂಗಿಲ್ಲ” ಎಂದರು.

ಹೀಗೆ ಎಂ.ಎ. ಸಾಹಿತ್ಯ ಓದಿದವಳು ಗಾರೆ ಕೆಲಸಕ್ಕೆ ಇಳಿದೆ. ಮೊದಲನೆಯ ತಪ್ಪು ಮೊದಲನೆಯ ವಾರವೇ ಮಾಡಿದೆ: ಬಣ್ಣ ಹೊಡೆಸಿದೆ. ತಿಳಿ ಹಳದಿ, ಎರಡು ಕೋಟು. ಮನೆ ನಗುತ್ತಿದೆ ಎನ್ನಿಸಿತು. ಒಂದು ತಿಂಗಳಲ್ಲಿ ಮಲಗುವ ಕೋಣೆಯ ಗೋಡೆ ಕಾದ ಎಣ್ಣೆಯಲ್ಲಿ ಬಿಟ್ಟ ಹಪ್ಪಳದಂತೆ ಉಬ್ಬಿತು. ಆಗ ಬಂದವರು ಏಳುಮಲೈ ಮೇಸ್ತ್ರಿ. ಅರವತ್ತು ದಾಟಿದವರು, ನಮ್ಮ ಬೀದಿಯ ಅರ್ಧ ಮನೆಗಳನ್ನು ಒಮ್ಮೆಯಾದರೂ ಒಡೆದವರು. ಅವರ ತಮಿಳನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ, ‘ಪಾಪ್ಪಾ’ ಒಂದನ್ನು ಬಿಟ್ಟು; ಅವರಿಗೆ ನಾನಿನ್ನೂ ಮಗುವೇ. ಗೋಡೆಗೆ ಬೆರಳಿನಿಂದ ತಟ್ಟಿ, “ಪಾಪ್ಪಾ, ಜ್ವರ ಬಂದವನಿಗೆ ಪೌಡರ್ ಹಾಕಿ ಕೂರಿಸಿದ್ದೀಯಲ್ಲ” ಎಂದರು.

ಅದಕ್ಕೇ ಮೊದಲು ತಾರಸಿ ನೋಡು, ಆಮೇಲೆ ಪೈಪು, ಆಮೇಲೆ ಕರೆಂಟು. ಬಣ್ಣ ಎಲ್ಲಕ್ಕಿಂತ ಕೊನೆಗೆ. ತಾರಸಿ ಸೋರುತ್ತದೆಯೋ ಇಲ್ಲವೋ ನೋಡಲು ಮಳೆಗೆ ಕಾಯಬೇಕಾಗಿಲ್ಲ. ನೀರು ಹೋಗುವ ತೂತಿಗೆಲ್ಲ ಬಟ್ಟೆ ತುರುಕಿ, ನಾಲ್ಕು ಬೆರಳು ನೀರು ನಿಲ್ಲಿಸಿ, ಎರಡು ದಿನ ಕೆಳಗೆ ಕೂತು ಸೂರು ನೋಡಬೇಕು. ನಾನು ಕೂತೆ, ಪುಸ್ತಕ ಹಿಡಿದು. ಎರಡನೆಯ ದಿನ ಮಧ್ಯಾಹ್ನ ಮೂಲೆಯಲ್ಲಿ ನಾಣ್ಯದಷ್ಟು ಕಪ್ಪು ಮೂಡಿ, ಊಟದ ತಟ್ಟೆಯಷ್ಟಾಯಿತು. ಮೇಲೆ ಹೋಗಿ ನೋಡಿದರೆ ಟ್ಯಾಂಕ್ ತುಂಬಿ ಚೆಲ್ಲುವ ಪೈಪು ನೇರವಾಗಿ ತಾರಸಿಯ ಒಡೆದ ನೆಲಬಿಲ್ಲೆಯ ಮೇಲೆ ಸುರಿಯುತ್ತಿತ್ತು. ಮಳೆ ಬಾರದ ದಿನವೂ ನಮ್ಮ ಮನೆಯ ಮೇಲೆ ಮಳೆ ಬರುತ್ತಿತ್ತು. ವರ್ಷಗಟ್ಟಲೆ, ನಾವೇ ಮೋಟಾರ್ ಹಾಕಿ ಬರಿಸಿದ್ದು.

ಬಿಲ್ಲೆ ತೆಗೆದು ಹೊಸದಾಗಿ ಹಾಸಿ, ಪೈಪನ್ನು ಹೊರಗೆ ತಿರುಗಿಸಿದ ಮೇಲೂ ಗೋಡೆಗೆ ಅವಸರ ಮಾಡಬೇಡ. ಹಳೆಯ ಗಾರೆ ಪೂರ್ತಿ ಕೆತ್ತಿಸಿ, ಇಟ್ಟಿಗೆ ಕಾಣುವಂತೆ ಬಿಟ್ಟು ಒಣಗಿಸು. ನಮ್ಮದು ಐದು ವಾರ ತೆಗೆದುಕೊಂಡಿತು. ದಿನಾ ಬೆಳಿಗ್ಗೆ ಹೋಗಿ ಅಂಗೈ ಇಟ್ಟು ನೋಡುತ್ತಿದ್ದೆ. “ರೋಗಿ ಹೆಂಗವನೆ?” ಎಂದು ಅಜ್ಜಿ ಕೇಳುವಳು.

ಅಡುಗೆ ಕಟ್ಟೆಯದು ಬೇರೆಯೇ ಕಥೆ. ಎಷ್ಟು ಎತ್ತರ ಬೇಕು ಎಂದು ಮೇಸ್ತ್ರಿ ಕೇಳಿದಾಗ ನಾನು ಅಂಗಡಿಗೆ ಹೋಗಿದ್ದೆ. ಅಜ್ಜಿ ತಾನೇ ಹೋಗಿ ಅಳತೆಗೆ ನಿಂತಳು. ಅವಳು ನಾಲ್ಕೂವರೆ ಅಡಿ. ನಾನು ಬರುವಷ್ಟರಲ್ಲಿ ಮಕ್ಕಳ ಆಟದ ಸಾಮಾನಿಗೆ ಮಾಡಿದಂಥ ಕಟ್ಟೆ ಸಿದ್ಧವಾಗಿತ್ತು. “ಮೇಸ್ತ್ರಿ, ಇಲ್ಲಿ ಅಡುಗೆ ಮಾಡುವವರು ಮೊಣಕಾಲೂರಬೇಕು” ಎಂದೆ. “ಮನೆಯ ಹಿರಿಯರು ನಿಂತರು, ನಾನು ಕಟ್ಟಿದೆ. ದೊಡ್ಡವರಿಗೆ ಉದ್ದ ಸಾಲದು ಅಂತ ಹೇಳೋಕಾಗುತ್ತಾ?” ಎಂದರು. ಒಡೆದು ಮತ್ತೆ ಕಟ್ಟಿದ್ದಾಯಿತು. ಅಜ್ಜಿ ಒಂದು ವಾರ ಅವರಿಗೆ ಕಾಫಿ ಕೊಡಲಿಲ್ಲ.

ಬಚ್ಚಲಿನ ನೆಲ ಹಾಸಿದ ದಿನವೇ ಒಂದು ಬಕೆಟ್ ನೀರು ಚೆಲ್ಲಿ ನೋಡು. ನೀರು ತೂತಿನ ಕಡೆ ಓಡದೆ ಬಾಗಿಲ ಕಡೆ ಬಂದರೆ, ಮೇಸ್ತ್ರಿ ಇನ್ನೂ ಅಲ್ಲಿರುವಾಗಲೇ ತೋರಿಸು. ಗೋಡೆಯೊಳಗೆ ಪೈಪು ಮುಚ್ಚುವ ಮೊದಲು ಫೋಟೊ ತೆಗೆದಿಡು, ಪಕ್ಕದಲ್ಲಿ ಟೇಪ್ ಹಿಡಿದು. ಟೈಲ್ಸ್ ಒಂದು ಪೆಟ್ಟಿಗೆ ಹೆಚ್ಚಿಗೆ ತಗೋ, ಮುಂದಿನ ವರ್ಷ ಅದೇ ಬಣ್ಣ ಸಿಗುವುದಿಲ್ಲ. ಇವೆಲ್ಲ ನಾನು ಕಲಿತ ಕ್ರಮದಲ್ಲೇ ಬರೆದಿದ್ದೇನೆ, ಅಂದರೆ ತಪ್ಪು ಮಾಡಿದ ಕ್ರಮದಲ್ಲಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಕೆಲಸ ಮುಗಿದ ಮೇಲೆ ಆಯಿತು. ಜೂನ್ ಮೂರನೆಯ ವಾರಕ್ಕೆ ಮನೆ ಸಿದ್ಧ. ಬೋರ್ಡ್ ಬರೆಸಿ ತಂದರೆ ಅಜ್ಜಿ ಅಡ್ಡ ನಿಂತಳು. “ಇನ್ನೇನು ಆಸಾಡ ಬತ್ತದೆ. ಆಸಾಡದಲ್ಲಿ ಯಾರವ್ವ ಹೊಸ ಮನೆ ಸೇರ್ತಾರೆ? ಸ್ರಾವಣ ಹುಟ್ಲಿ.” ಸರಿ ಎಂದು ಒಂದು ತಿಂಗಳು ಬೋರ್ಡನ್ನು ಮಂಚದ ಕೆಳಗಿಟ್ಟೆವು. ಜುಲೈ ಇಪ್ಪತ್ತೈದು, ಶ್ರಾವಣದ ಮೊದಲ ದಿನ, ಶುಕ್ರವಾರ ಬೇರೆ. ಅಜ್ಜಿ ಮೇಲಿನ ಮನೆಗೂ ತೋರಣ ಕಟ್ಟಿ, ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ಬೋರ್ಡ್ ನೇತುಹಾಕಿಸಿದಳು.

ಒಬ್ಬರೂ ಬರಲಿಲ್ಲ. ಒಂದು ವಾರ ಕಾದೆ. ಬೋರ್ಡನ್ನು ಬಿಳಿ ಮಾಡಿಸಿದೆ, ಅಕ್ಷರ ದಪ್ಪ ಮಾಡಿಸಿದೆ. ಜನ ಓದುತ್ತಾರೆ, ನನ್ನನ್ನು ನೋಡುತ್ತಾರೆ, ನಕ್ಕು ಹೋಗುತ್ತಾರೆ. ಮನೆಯಲ್ಲಿ ಏನೋ ದೋಷವಿದೆಯೆಂದು ಬೀದಿಗೆಲ್ಲ ಗೊತ್ತಾಗಿದೆ ಎಂದು ನನಗೆ ಭಯ. ಕೊನೆಗೆ ಮೇಸ್ತ್ರಿಯನ್ನೇ ಕೇಳಿದೆ. ಅವರು ಬೀಡಿ ತೆಗೆದು, “ಇದು ಆಡಿ ಮಾಸ ಪಾಪ್ಪಾ. ಆಡಿಯಲ್ಲಿ ತಮಿಳರ ಮನೆಯ ಬೆಕ್ಕು ಕೂಡ ಮನೆ ಬದಲಾಯಿಸಲ್ಲ. ಆಗಸ್ಟ್ ಹದಿನೇಳಕ್ಕೆ ಆವಣಿ ಹುಟ್ಟುತ್ತೆ” ಎಂದರು.

ಹದಿನೈದು ವರ್ಷ ಈ ಊರಲ್ಲಿದ್ದೂ ನಮಗೆ ಆಡಿ ಎಂದರೆ ಟಿ. ನಗರದ ಸೀರೆ ರಿಯಾಯಿತಿ, ನೂಕುನುಗ್ಗಲು, ಅಷ್ಟೇ. ನಮ್ಮ ಆಷಾಢವೂ ಅವರ ಆಡಿಯೂ ಒಂದೇ ಎಂದುಕೊಂಡಿದ್ದೆವು. ನಮ್ಮದು ಚಂದ್ರನ ಲೆಕ್ಕ, ಅವರದು ಸೂರ್ಯನದು. ನಮ್ಮದು ಮುಗಿಯುವ ಮೊದಲೇ ಅವರದು ಶುರುವಾಗಿ ಮೂರು ವಾರ ಮುಂದಕ್ಕೆ ಹೋಗುತ್ತದೆ. ನೀವು ಹನ್ನೊಂದು ವರ್ಷ ಇದ್ದದ್ದರಿಂದ ನಾವು ಬಾಡಿಗೆಯವರನ್ನು ಹುಡುಕಿದ್ದೇ ಇಲ್ಲವಲ್ಲ. “ಹಂಗಾದ್ರೆ ಎಲ್ಡು ಆಸಾಡ ಮಾಡ್ದಂಗಾಯ್ತು” ಎಂದಳು ಅಜ್ಜಿ. ಅಪ್ಪ ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ಹಾಳೆ ತಿರುಗಿಸಿ ಕೊನೆಯ ಸಾಲನ್ನು ನೋಡಿದರು. ಆವಣಿ ಹುಟ್ಟಿದ ಮೇಲೆ ಉಳಿಯುವುದು ಎರಡು ವಾರ ಮಾತ್ರ.

ಆಡಿ ಮುಗಿಯುವ ಮುಂಚೆ, ಒಂದು ಬೆಳಿಗ್ಗೆ ಎಂಟು ಗಂಟೆಗೆ ಹರಿಪ್ರಿಯಾ ಬಂದಳು. ಟಿ. ನಗರದ ಸೀರೆ ಅಂಗಡಿಯೊಂದರಲ್ಲಿ ಬಿಲ್ ಮಾಡುವವಳು, ತಾಯಿಯ ಜೊತೆ ಇರುವವಳು. “ಆವಣಿವರೆಗೂ ಹೆಜ್ಜೆ ಇಡಲ್ಲ. ನೋಡಿ ಹೋಗೋಕೆ ದೋಷ ಇಲ್ಲ” ಎಂದಳು. ನಲ್ಲಿಗಳನ್ನೆಲ್ಲ ತಿರುಗಿಸಿದಳು, ಕಿಟಕಿ ಹಾಕಿ ತೆಗೆದಳು. ಮಲಗುವ ಕೋಣೆಯ ಗೋಡೆಯ ಮುಂದೆ ನಿಂತು, “ಇಲ್ಲಿ ಬಣ್ಣ ಬೇರೆ ಕಡೆಗಿಂತ ಹೊಸದು. ನೀರು ಇಳೀತಿತ್ತಾ?” ಎಂದಳು.

ಅಜ್ಜಿ ಹಿಂದಿನಿಂದ ನನ್ನ ತೋಳು ಚಿವುಟಿ, “ಇಲ್ಲ ಅನ್ನು ಮಗ, ಇಲ್ಲ ಅನ್ನು” ಎಂದು ಕನ್ನಡದಲ್ಲಿ ಪಿಸುಗುಟ್ಟಿದಳು.

ನಾನು ತೋಳು ಬಿಡಿಸಿಕೊಂಡೆ. ಆಮೇಲೆ, “ಇಳೀತಿತ್ತು” ಎಂದೆ. ಎಷ್ಟು ವರ್ಷ, ಎಲ್ಲಿಂದ, ಏನು ಮಾಡಿಸಿದೆವು ಎಲ್ಲ ಹೇಳಿದೆ. ಇಟ್ಟಿಗೆ ಕಾಣುವ ಫೋಟೊ ತೋರಿಸಿದೆ. ನನ್ನ ಜೀವನದಲ್ಲಿ ಅಪರಿಚಿತರ ಮುಂದೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವಳು ಫೋಟೊಗಳನ್ನು ಒಂದೊಂದಾಗಿ ನೋಡಿ, “ಇದುವರೆಗೆ ಒಂಬತ್ತು ಮನೆ ನೋಡಿದೆ. ಒಂದರಲ್ಲೂ ನೀರು ಇಳಿದಿಲ್ಲವಂತೆ. ಚೆನ್ನೈಗೆ ಮಳೆಯೇ ಬಂದಿಲ್ಲ ಅನ್ನಬೇಕು” ಎಂದಳು. ಆವಣಿಯ ಮೊದಲ ಬುಧವಾರ ಹಾಲು ಉಕ್ಕಿಸಿದರು. ಅಪ್ಪ ಒಂದು ಲೋಟ ಹಾಲು ಕುಡಿದು ಕೆಳಗಿಳಿದು, “ಬ್ರೋಕರ್ ನಂಬರ್ ಅಳಿಸ್ಬುಡು” ಎಂದರು.

ಕರಾರಿನಲ್ಲಿ ನಾನೊಂದು ಷರತ್ತು ಸೇರಿಸಿದ್ದೇನೆ, ನೀನೂ ಸೇರಿಸು. ಏನು ಕೆಟ್ಟರೂ ಬಾಡಿಗೆಯವರು ಬರೆದು, ನೇರವಾಗಿ ಮನೆಯ ಯಜಮಾನರಿಗೇ ಕಳಿಸಬೇಕು. ದಾರಿಯಲ್ಲಿ ಬೇರೆ ಯಾರ ಬಾಯಿಗೂ ಆ ಮಾತು ಕೊಡಬಾರದು.

ನಿನ್ನ ಎರಡು ಕೋಣೆಗೂ ಒಳ್ಳೆಯ ಜನ ಬರಲಿ. ಅಜ್ಜಿ ನಿನ್ನನ್ನು ನೋಡದಿದ್ದರೂ ಹರಸಿದ್ದಾಳೆ: “ಗೋಡೆ ಬೆಚ್ಚಗಿರ್ಲಿ, ಬಾಡಿಗೆಯೋರು ತಣ್ಣಗಿರ್ಲಿ” ಎಂದು. ಆಂಟಿ, ಅಂಕಲ್‌ಗೆ ನನ್ನ ನಮಸ್ಕಾರ.

ನಿನ್ನ
ರಚನಾ

ತಾ.ಕ.: ಈ ಕಾಗದ ಬರೆಯಲು ಕೂತದ್ದೇ ಇಲ್ಲಿಂದ ಕೆಳಗಿನದಕ್ಕಾಗಿ. ಮೇಲಿನದೆಲ್ಲ ಧೈರ್ಯ ಬರಲೆಂದು.

ಆ ಗೋಡೆಯ ವಿಷಯ ನಿಮ್ಮಮ್ಮ ನನಗೆ ಮೂರು ಸಲ ಹೇಳಿದ್ದರು. ನಮ್ಮಮ್ಮನಿಗೆ ಆಗಲೇ ವೇಲೂರಿಗೆ ವರ್ಗವಾಗಿತ್ತು, ಈಗಲೂ ಅಲ್ಲೇ; ಅಜ್ಜಿ ಆಗ ಊರಲ್ಲಿ. ಅಂಕಲ್ ಬೆಳಗಿನ ನಾಲ್ಕು ಗಂಟೆಗೇ ಹೋಟೆಲಿನ ಕೆಲಸಕ್ಕೆ ಹೋಗುವವರು, ಅಪ್ಪನಿಗೆ ಶಿಫ್ಟು. ಆಂಟಿಗೆ ಅಪ್ಪನ ಹತ್ತಿರ ನೇರ ಮಾತಾಡಲು ಸಂಕೋಚ. ಹಾಗಾಗಿ ನನಗೆ ಹೇಳಿದರು. ಮೊದಲ ಸಲ ಮೆಟ್ಟಿಲ ಮೇಲೆ: “ಅಪ್ಪನತ್ರ ಒಂದು ಹೇಳು ಮಗಾ, ಗೋಡೆ ಒದ್ದೆ ಆಗ್ತಾ ಉಂಟು.” ಎರಡನೆಯ ಸಲ ನೀರುದೋಸೆ ಕೊಡುವಾಗ. ಮೂರನೆಯ ಸಲ ಆ ಒಂದು ವಾಕ್ಯ ಮುಗಿಸಲು ಅವರು ನಡುವೆ ನಿಂತು ಉಸಿರು ಎಳೆದುಕೊಂಡರು. ಮೂರು ಸಲವೂ ಹ್ಞೂಂ ಎಂದೆ. ಅಪ್ಪ ದಣಿದಿದ್ದಾರೆ, ನಾಳೆ ಹೇಳೋಣ ಎಂದುಕೊಂಡೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಅಷ್ಟು ಹೇಳಿದರೂ ಶಿವರಾಮು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಅಂಕಲ್ ಮುನಿಸಿಕೊಂಡು ಹೋದರು. ಹನ್ನೊಂದು ವರ್ಷ ಇದ್ದವರು ಕಾರಣ ಹೇಳದೆ ಹೋದರು ಎಂದು ಅಪ್ಪ ನೊಂದುಕೊಂಡರು. ಹೊರಡುವಾಗ ನೀನು ನನ್ನ ಕೈ ಹಿಡಿದು, “ನಿಮ್ಮಪ್ಪನದ್ದು ಕಲ್ಲು ಮನಸ್ಸು ರಚನಾ” ಎಂದೆ. ನಾನು ಆಗಲೂ ಸುಮ್ಮನಿದ್ದೆ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ.

ನಿನ್ನೆ ಅವರಿಗೆ ಹೇಳಿದೆ. ಪೇಪರನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. “ಆಯಮ್ಮಂಗೆ ಅಷ್ಟು ಉಬ್ಬಸ ಇತ್ತಾ?” ಎಂದು ಕೇಳಿದರು. ಇತ್ತು ಎಂದೆ. “ಸದಾನಂದ್ ಅವ್ರ ನಂಬರ್ ಅದೇನಾ?” ಎಂದರು.

ಕಾಗದ ಮೊದಲು ತಲುಪಲಿ ಎಂದು ಅವರನ್ನು ತಡೆದಿದ್ದೇನೆ. ಬರುವ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ. ಅಷ್ಟರೊಳಗೆ ಆಂಟಿಯನ್ನು ಕೂರಿಸಿ ಇದನ್ನು ಓದಿ ಹೇಳು. ಅಪ್ಪ ಕ್ಷಮೆ ಕೇಳಲು ಶುರು ಮಾಡುತ್ತಾರೆ, ನನಗೆ ಗೊತ್ತು. ಆಂಟಿ ಅವರನ್ನು ನಿಲ್ಲಿಸಿ, ಫೋನ್ ರಚನಾಗೆ ಕೊಡಿ ಎನ್ನಲಿ. ನಾನು ಪಕ್ಕದಲ್ಲೇ ನಿಂತಿರುತ್ತೇನೆ.