ಹಳದಿ ಹಾಡಿನೊಳಗಿನ ಹೆಸರು

ಪುಣೆ
೧೪ ಮೇ ೨೦೧೯

ಪ್ರೀತಿಯ ಕೌಸಲ್ಯಕ್ಕನಿಗೆ,

ನಿನ್ನ ತಂಗಿ ಅಂಜನಾಳ ಜೈಭೀಮ. ಅವ್ವನ ಮೊಣಕಾಲು ಹೇಗಿದೆ? ಭಾಲ್ಕಿಯ ನಿಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆಂದು ಮಚ್ಛೇಂದ್ರಣ್ಣ ಹೇಳಿದ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಎರಡು ತಿಂಗಳಿಂದ ಬರೆಯುತ್ತೇನೆ, ಹರಿಯುತ್ತೇನೆ. ತಡವಾದದ್ದಕ್ಕೆ ಬೈದುಬಿಡು.

ಔರಾದಿನ ಮದುವೆಯ ಸುದ್ದಿಯನ್ನೂ ಅಣ್ಣನೇ ಹೇಳಿದ. ಡಿಜೆ ನನ್ನ ಹಾಡು, ಅರಿಶಿನ ಹಚ್ಚುವ ಆ ಹಳದಿ ಹಾಡು, ಹಾಕಿದನಂತೆ, ನೀನು ಅರ್ಧ ಊಟಕ್ಕೇ ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆಯಂತೆ. "ಊರವ್ರ ಹಳದ್ಯಾಗೆಲ್ಲ ನನ್ನ ಹೆಸರು ಯಾಕ ಕೂಗಸ್ತಾಳ? ನನಗ ಹಚ್ಚೋರು ಯಾರೂ ಬರಲಿಲ್ಲ" ಅಂದೆಯಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಮೂರು ವರ್ಷದ ಹಿಂದಿನ ಬರದಲ್ಲಿ, ನಮ್ಮೂರು ಖಟಕ ಚಿಂಚೋಳಿಯಲ್ಲಿ ಬೀಗರಿಗೆ ಕುಡಿಯಲು ಕೊಡುವಷ್ಟೂ ನೀರಿಲ್ಲದೆ ನಿನ್ನ ಮದುವೆ ಮುಂದಕ್ಕೆ ಹೋಯಿತು. ನಾನು ಅಣ್ಣನ ಜೊತೆ ಇಲ್ಲಿ ಗಾರೆ ಕೆಲಸಕ್ಕೆ ಬಂದೆ. ಕಟ್ಟುತ್ತಿದ್ದುದು ಒಂದು ಸ್ಟುಡಿಯೊ. ಬುಟ್ಟಿ ಹೊರುವಾಗ ನಾನು ಗುನುಗುವುದು ಕೇಳಿ ಮಾಲಕ ಜ್ಞಾನೇಶ್ವರ ಮೈಕಿನ ಮುಂದೆ ನಿಲ್ಲಿಸಿದ. ಅವನದು ಹೌಸ್ ಮ್ಯೂಸಿಕ್. ಢಬ್ ಢಬ್ ಎಂದು ಒಂದೇ ತಾಳ ಬಡಿಯುತ್ತಲೇ ಇರುತ್ತದೆ, ನಡುನಡುವೆ ಹಾಡಿನ ಒಂದು ಚೂರು. ನಾನು ಅವ್ವನ ಹಳದಿ ಹಾಡು ಹಾಡಿದೆ, ಮದುಮಗಳ ಹೆಸರು ಬರುವಲ್ಲಿ ನಿನ್ನ ಹೆಸರು ಹಾಕಿದೆ. ಅವನು ಮಿಕ್ಕಿದ್ದನ್ನು ಕತ್ತರಿಸಿ, "ಕೌಸಲ್ಯಾಗ ಹಳದಿ ಹಚ್ಚರಿ" ಎಂಬುದೊಂದನ್ನೇ ಆರು ನಿಮಿಷ ತಿರುಗಿಸಿದ. ಹಾಡು ಎಲ್ಲ ಕಡೆ ಹಬ್ಬಿತು. ಅಷ್ಟರಲ್ಲಿ ಹುಡುಗನ ಮನೆಯವರು ಕಾಯಲಾರದೆ ಬೇರೆ ಸಂಬಂಧ ಮಾಡಿಕೊಂಡರು.

ಚಿಕ್ಕಂದಿನಲ್ಲಿ ನಾವು ಆಟಕ್ಕೆ ಹಾಡಿದರೆ ಅವ್ವ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳಲ್ಲ. "ಹಳದಿ ಬಟ್ಟಲ ಮುಂದಿಲ್ದ ಯಾರ ಹೆಸರೂ ಹಾಕಿ ಹಾಡಬ್ಯಾಡ್ರಿ. ಆ ಹುಡಿಗಿ ಲಗ್ನ ಆಗ್ದ ಹಂಗೇ ಉಳೀತಾಳ." ಪುಣೆಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ.

ಮೂರು ವರ್ಷದಿಂದ ಹೋದಲ್ಲೆಲ್ಲ ಅದೇ ಸಾಲು. ಹೊಸದು ಶುರು ಮಾಡಿದರೆ ಜನ ಮೊಬೈಲು ತೆಗೆಯುತ್ತಾರೆ. ಗಂಟಲು ಕೆಟ್ಟಿದೆ, ಮಾತೂ ಕಡಿಮೆ ಮಾಡು ಅಂದಿದ್ದಾರೆ ಡಾಕ್ಟರು. ಸಾಕಾಗಿದೆ ಅಕ್ಕ. ಹೆಸರು ತೆಗೆದುಬಿಡು ಎಂದರೆ, ತೆಗೆದರೆ ಉಳಿಯುವುದೇನು ಎಂದು ಜ್ಞಾನೇಶ್ವರ ಕೇಳುತ್ತಾನೆ. ತಿಂಗಳ ಕೊನೆಗೆ ಬೀದರಿನಲ್ಲಿ ಕಾರ್ಯಕ್ರಮವಿದೆ. ಜನ ಎಷ್ಟೇ ಕೂಗಲಿ, ಅಲ್ಲಿ ಆ ಸಾಲು ಹಾಡುವುದಿಲ್ಲ. ಕೆಲಸ ಹೋದರೆ ಹೋಗಲಿ, ಬುಟ್ಟಿ ಹೊರುವುದನ್ನು ಮರೆತಿಲ್ಲ. ಮರುದಿನ ಭಾಲ್ಕಿಗೆ ಬರುತ್ತೇನೆ. ಬಾಗಿಲು ತೆಗೆಯುವುದು ನಿನಗೆ ಬಿಟ್ಟದ್ದು.

ಅವ್ವನ ಕಾಲಿಗೆ ನನ್ನ ನಮಸ್ಕಾರ ಮುಟ್ಟಿಸು. ನಿನ್ನ ಹೊಲಿಗೆ ಮಷೀನು ನಿಲ್ಲದಿರಲಿ, ನೀನು ತಣ್ಣಗಿರು.

ನಿನ್ನ ತಂಗಿ,
ಅಂಜನಾ

ತಾ.ಕ.: ಪ್ರೀತಿಯಿಂದ ನಿನ್ನ ಹೆಸರು ಹಾಕಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಅದು ಸುಳ್ಳು. ಮೈಕಿನ ಮುಂದೆ ನಿಂತ ಆ ದಿನ ಮೊದಲು ನನ್ನ ಹೆಸರನ್ನೇ ಹಾಕಿ ಹಾಡಿದ್ದೆ. ಅವ್ವನ ಮಾತು ನೆನಪಾಗಿ ಹೆದರಿ, ಅದನ್ನು ಅಳಿಸಿಬಿಡು ಎಂದು ಜ್ಞಾನೇಶ್ವರನಿಗೆ ಹೇಳಿದೆ. ಎರಡನೆಯ ಸಲ ನಿನ್ನದು ಹಾಕಿದೆ. ಆಗ ನಿನ್ನ ಮದುವೆ ಇನ್ನೂ ಮುರಿದಿರಲಿಲ್ಲ.