ಜಿಂಕೆಗಳ ಪಾಲಿಗೆ ಬಿದ್ದ ಮನೆ

ಬೇಲಿಗೆ ಗೆರೆ ಎಳೆದ ಅರಣ್ಯಾಧಿಕಾರಿಗಳೇ,

ಜಿಂಕೆಗಳಿಂದ ಊರನ್ನು ಕಾಪಾಡಲು ಕಳೆದ ತಿಂಗಳು ತಾವು ಹಾಕಿಸಿದ ತಂತಿಬಲೆಯ ಬೇಲಿ ನೆಟ್ಟಗೆ ನಿಂತಿದೆ. ಊರು ಒಳಗಿದೆ, ಕಾಡು ಹೊರಗಿದೆ. ನನ್ನ ಮನೆಯೂ ಹೊರಗಿದೆ. ನಾನು ಜಿಂಕೆಗಳ ಪಂಗಡಕ್ಕೆ ಸೇರಿದ್ದು ಯಾವಾಗ ಎಂದು ಕೇಳಲು ಈ ಪತ್ರ.

ಬೇಲಿ ಬೇಡವೆನ್ನುವವಳು ನಾನಲ್ಲ. ನಾನೂ ನನ್ನ ಗಂಡ ಪೌಲೋಸೂ ನೆಟ್ಟ ಎಳೆ ರಬ್ಬರ್ ಗಿಡಗಳ ತೊಗಟೆಯನ್ನು ಜಿಂಕೆಗಳು ಸುಲಿದು ತಿಂದಾಗ, ಬೇಲಿಯ ಮನವಿಗೆ ಮೊದಲ ಸಹಿ ಹಾಕಿದವಳೇ ನಾನು. ಅಳತೆಗೆ ಬಂದ ನಿಮ್ಮವರಿಗೆ ಮರಗೆಣಸು ಬೇಯಿಸಿ ಕೊಟ್ಟೆ. ತಿಂದು, ಕೈ ತೊಳೆದು, ನನ್ನ ಅಂಗಳದ ಕೆಳಗೇ ಕಂಬದ ಗುರುತು ಹಾಕಿದರು.

"ಎಂತ ಮಾರಾಯ್ರೆ, ನಾನು ಹೊರಗಾ?" ಎಂದು ಕೇಳಿದೆ.

"ಒಂದು ಮನೆಗಾಗಿ ಬೇಲಿ ಬಗ್ಗಿಸ್ಲಿಕ್ಕೆ ಆಗುದಿಲ್ಲ ಅಮ್ಮ" ಎಂದರು. ಎಷ್ಟು ಮನೆಗಳಾದರೆ ಬಗ್ಗುತ್ತದೆ ಸ್ವಾಮಿ?

ಪೌಲೋಸ್ ತೀರಿಕೊಂಡ ಮೇಲೆ ನನಗೆ ಉಳಿದಿದ್ದ ಮಾತು ಕೆಳಗಿನ ಮನೆಯ ದಮಯಂತಿಯದ್ದು. ಸಂಜೆ ಚಾದ ಹೊತ್ತಿಗೆ ಕೆಳಗಿನಿಂದಲೇ ಕೂ ಹಾಕಿ, ಕಾಲುದಾರಿಯಲ್ಲಿ ಹತ್ತಿ ಬರುತ್ತಿದ್ದಳು. ಆ ದಾರಿಗೆ ಅಡ್ಡವಾಗಿ ಈಗ ನಿಮ್ಮ ಬೇಲಿ. ಹೆದ್ದಾರಿ ಸುತ್ತಿ ಹೋಗಿಬರಲು ಅರ್ಧ ದಿನ ಬೇಕು, ಅವಳಿಗೆ ಮಂಡಿನೋವು. ಫೋನ್ ಇಲ್ಲವೇ ಎನ್ನಬೇಡಿ, ಫೋನಿನಲ್ಲಿ ಚಾ ಕುಡಿಯಲಾಗುವುದಿಲ್ಲ. ಮೊದಲ ಕೆಲವು ದಿನ ತಂತಿಯ ಆಚೀಚೆ ನಿಂತು ಮಾತಾಡಿದೆವು. "ಜೈಲಿಗೆ ನೋಡ್ಲಿಕ್ಕೆ ಬಂದ ಹಾಗೆ ಆಗ್ತದೆ ಕತ್ರೀನಕ್ಕ, ನಂಗೆ ಆಗುದಿಲ್ಲ" ಎಂದು ಅತ್ತಳು. ಆಮೇಲೆ ಕೂ ಮಾತ್ರ ಉಳಿಯಿತು. ಈಗ ಅದೂ ಕೇಳಿಸುವುದಿಲ್ಲ. ನನಗೆ ಮನೆಯೊಳಗೆ ಕೂರಲಾಗುತ್ತಿಲ್ಲ.

ಬೇಲಿ ಮುಚ್ಚಿದ್ದಾದರೂ ಯಾವಾಗ? ಜಿಂಕೆ ಮರಿ ಹಾಕಿದ ಹೊತ್ತಿನಲ್ಲಿ. ಒಳಗೆ ಯಾರಿದ್ದಾರೆಂದು ಒಮ್ಮೆ ನೋಡಬಾರದಿತ್ತೇ? ಆಗಷ್ಟೇ ಹುಲ್ಲು ಮೇಯಲು ಕಲಿತಿದ್ದ ಮರಿಯೊಂದು ದಮಯಂತಿಯ ತೋಟದಲ್ಲೇ ಉಳಿಯಿತು, ತಾಯಿ ನನ್ನ ಕಡೆ. ಬೆಳಗ್ಗೆ ನಾನು ರಬ್ಬರ್ ಹಾಲು ತೆಗೆಯಲು ಹೊರಟಾಗ ಆ ತಾಯಿ ತಂತಿಗೆ ಮೂಗು ಒತ್ತಿ ನಿಂತಿರುತ್ತದೆ. ನನ್ನ ಗಿಡ ಸುಲಿದದ್ದು ಅದೇ ಇರಬಹುದು. ಹೊಡೆಯಲು ಕಲ್ಲು ಎತ್ತಿದೆ, ಎಸೆಯಲಾಗಲಿಲ್ಲ.

ಆದ್ದರಿಂದ, ಆ ಕಾಲುದಾರಿಯಲ್ಲಿ ಒಂದು ಗೇಟು ಇಡಿಸಿ. ಚಿಲಕ ಜಿಂಕೆಗೆ ತೆರೆಯಲು ಬಾರದಂತಿರಲಿ, ದಮಯಂತಿಗೆ ಬರುವಂತಿರಲಿ. ಮೊದಲ ದಿನ ಅದನ್ನು ತೆರೆದೇ ಬಿಡಿ. ಮರಿ ಬದುಕಿರುವಾಗಲೇ ಬನ್ನಿ. ಅಲ್ಲಿಯವರೆಗೆ ಆ ತಾಯಿಯೂ ನಾನೂ ಇದೇ ಬೇಲಿಯ ಬುಡದಲ್ಲಿ ಕಾಯುತ್ತಿರುತ್ತೇವೆ. ಈಗೀಗ ಅದು ನನ್ನನ್ನು ಕಂಡರೆ ಓಡುವುದಿಲ್ಲ.

ಇಂತಿ,
ತಮ್ಮ ಬೇಲಿಯ ಹೊರಗಿನ ಜೀವಿಗಳಲ್ಲಿ ಬರೆಯಲು ಬರುವ ಒಬ್ಬಳು,
ಕತ್ರೀನಾ ಪೌಲೋಸ್
ನೆಲ್ಯಾಡಿ